ಕಾಡಿನ ಕೋರ್ಸ್‌ನಲ್ಲಿ ಡಿಸ್ಕ್ ಮರಕ್ಕೆ ಬಡಿಯುತ್ತಿದೆಯೇ? ದೋಷ ಹುಡುಕುವ ಕ್ರಮ

ಟೀ ಎಂಬ ಆರಂಭದ ಜಾಗದಿಂದ ಡಿಸ್ಕ್ ಎಸೆಯುತ್ತಾ, ಆದಷ್ಟು ಕಡಿಮೆ ಎಸೆತಗಳಲ್ಲಿ ಅದನ್ನು ಬ್ಯಾಸ್ಕೆಟ್‌ಗೆ ಹಾಕುವ ಆಟ ಡಿಸ್ಕ್ ಗಾಲ್ಫ್; ಟೀಯಿಂದ ಬ್ಯಾಸ್ಕೆಟ್‌ವರೆಗಿನ ಒಂದೊಂದು ಹಾದಿ ಒಂದೊಂದು ಹೋಲ್. ಬಯಲಿನ ಕೋರ್ಸ್‌ನಲ್ಲಿ ಚೆನ್ನಾಗಿಯೇ ಡಿಸ್ಕ್ ಗಾಲ್ಫ್ ಆಡುವವರು ಮರಗಳ ನಡುವೆ ಬಂದ ಕೂಡಲೇ ಹೋಲ್‌ಗೊಂದು ಬೋಗಿ (ನಿಗದಿತ ಎಸೆತಗಳಿಗಿಂತ ಒಂದು ಹೆಚ್ಚು) ಮಾಡಿಕೊಳ್ಳುವುದು ಹೊಸದೇನಲ್ಲ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ, ಬ್ಯಾಗಿಗೆ ಕೈ ಹಾಕಿ ಬೇರೆ ಡಿಸ್ಕ್ ತೆಗೆಯುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ಬಯಲಿನಲ್ಲಿ ಐದು ಡಿಗ್ರಿ ತಪ್ಪಿದ ಎಸೆತಕ್ಕೂ ಹುಲ್ಲಿನ ಮೇಲೆ ಎಲ್ಲೋ ಒಂದು ಜಾಗ ಸಿಗುತ್ತದೆ, ಮುಂದಿನ ಎಸೆತದಲ್ಲಿ ಅದನ್ನು ಸರಿತೂಗಿಸಿಬಿಡುತ್ತೀರಿ. ಕಾಡಿನಲ್ಲಿ ಅದೇ ಎಸೆತ ಕಾಂಡಕ್ಕೆ ಬಡಿದು ಇಪ್ಪತ್ತು ಹೆಜ್ಜೆಯಲ್ಲೇ ಬೀಳುತ್ತದೆ. ಒಂದರ್ಥದಲ್ಲಿ ಇದು ಅನುಕೂಲವೇ. ಡಿಸ್ಕ್ ಯಾವ ಮರಕ್ಕೆ ಬಡಿಯಿತು, ಆ ಮರ ಟೀಯಿಂದ ಎಷ್ಟು ದೂರದಲ್ಲಿದೆ, ಹಾದಿಯ ಯಾವ ಪಕ್ಕದಲ್ಲಿದೆ ಎಂಬುದು ಗೊತ್ತಾದರೆ ದೋಷ ಎಲ್ಲಿದೆ ಎಂಬುದೂ ಬಹುಮಟ್ಟಿಗೆ ಗೊತ್ತಾಗುತ್ತದೆ.

ಕೆಳಗಿನ ವಿವರಣೆಯೆಲ್ಲ ಬಲಗೈ ಬ್ಯಾಕ್‌ಹ್ಯಾಂಡ್ ಎಸೆತಕ್ಕೆ ಬರೆದದ್ದು. ಮೇಲಿನಿಂದ ನೋಡಿದರೆ ಈ ಎಸೆತದ ಡಿಸ್ಕ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಎಡಗೈ ಬ್ಯಾಕ್‌ಹ್ಯಾಂಡ್ ಅಥವಾ ಬಲಗೈ ಫೋರ್‌ಹ್ಯಾಂಡ್ ಆದರೆ ಡಿಸ್ಕ್ ಗಾಳಿಯಲ್ಲಿ ವಾಲುವ ದಿಕ್ಕನ್ನು ಅದಲುಬದಲು ಮಾಡಿಕೊಂಡು ಓದಿ.

ಮೊದಲು ಗುರುತು ಮಾಡಿಕೊಳ್ಳಿ, ಆಮೇಲೆ ರಿಪೇರಿ

ಒಂದು ಸುತ್ತು ಪೂರ್ತಿ ಏನನ್ನೂ ಬದಲಿಸದೆ ಆಡಿ. ಮರಕ್ಕೆ ಬಡಿದಾಗಲೆಲ್ಲ ಸ್ಕೋರ್‌ಕಾರ್ಡಿನ ಪಕ್ಕದಲ್ಲಿ ಇಷ್ಟು ಗೀಚಿಕೊಳ್ಳಿ: ಎಡವೋ ಬಲವೋ, ಅಂದಾಜು ಎಷ್ಟು ಮೀಟರ್, ಬಡಿಯುವಾಗ ಡಿಸ್ಕ್ ಯಾವ ಕಡೆ ವಾಲಿತ್ತು, ಕೈಬಿಟ್ಟಾಗ ನಡುಗುತ್ತಿತ್ತೋ ಇಲ್ಲವೋ. ಒಂದು ಸಲ ಬಡಿದದ್ದಕ್ಕೆ ಅರ್ಥ ಹುಡುಕಬೇಡಿ, ಕಾಡು ಅಂದಮೇಲೆ ಮರ ಇದ್ದೇ ಇರುತ್ತದೆ. ಒಂದೇ ಪಕ್ಕ, ಒಂದೇ ದೂರ ಮತ್ತೆ ಮತ್ತೆ ಬಂದರೆ ಅದು ದೋಷ. ಎಲ್ಲವೂ ಚದುರಿಹೋಗಿದ್ದರೆ ತೊಂದರೆ ಬಹುಶಃ ಕೈಯಲ್ಲಿಲ್ಲ, ಹಾದಿಯ ಆಯ್ಕೆಯಲ್ಲಿದೆ. ಅದಕ್ಕೆ ಮುಂದೆ ಬರೋಣ.

ಹಳೆಯ ಕಾಡಿನ ಕೋರ್ಸ್ ಆದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಟೀ ಮುಂದಿನ ಮೊದಲ ಮರದ ಹತ್ತಿರ ಹೋಗಿ ಕಾಂಡ ನೋಡಿ. ಟೀ ಕಡೆಗಿನ ಮೈಯಲ್ಲಿ ತೊಗಟೆ ಕೆತ್ತಿಹೋಗಿ ಒಳಗಿನ ನಸುಕಂದು ಮರ ಕಾಣುತ್ತಿರುತ್ತದೆ, ಅದರ ಮೇಲೆ ಕಿತ್ತಳೆ, ಗುಲಾಬಿ, ನೀಲಿ ಪ್ಲಾಸ್ಟಿಕ್ಕಿನ ಗೀರುಗಳು ಅಡ್ಡಡ್ಡ ಅಂಟಿರುತ್ತವೆ. ಗಾಯ ಎದೆಮಟ್ಟದಲ್ಲಿದ್ದರೆ ಎಲ್ಲರೂ ಅಲ್ಲಿನ ಗ್ಯಾಪ್‌ನ, ಅಂದರೆ ಮರಗಳ ನಡುವಿನ ಕಿಂಡಿಯ, ಒಳಗಿಂದಲೇ ತೂರಿಸಲು ಹೋಗಿ ತಪ್ಪಿದ್ದಾರೆ. ಗಾಯವೆಲ್ಲ ತಲೆಯ ಮೇಲಿನ ಕೊಂಬೆಗಳಲ್ಲಿದ್ದರೆ ಅಲ್ಲಿ ಎಸೆತ ಎತ್ತರವಾಗುತ್ತಿದೆ. ಆ ಹೋಲ್ ಎಲ್ಲರನ್ನೂ ಕಾಡುತ್ತಿದೆಯೋ, ನಿಮ್ಮೊಬ್ಬರನ್ನೇ ಕಾಡುತ್ತಿದೆಯೋ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಲಕ್ಷಣ: ಮೊದಲ ಹದಿನೈದು ಮೀಟರಿನಲ್ಲೇ ಮರ

ಇಷ್ಟು ಹತ್ತಿರದಲ್ಲಿ ಡಿಸ್ಕ್‌ನ ಗುಣ ಇನ್ನೂ ಹೊರಬಂದಿರುವುದಿಲ್ಲ. ಸರಿಯಾಗಿ ಎಸೆದ ಯಾವ ಡಿಸ್ಕ್ ಆದರೂ ಮೊದಲ ಹದಿನೈದು ಮೀಟರ್ ಹೆಚ್ಚುಕಡಿಮೆ ಬಿಟ್ಟ ದಿಕ್ಕಿನಲ್ಲೇ ಹೋಗುತ್ತದೆ. ಆದ್ದರಿಂದ ಇಲ್ಲಿ ಡಿಸ್ಕ್ ಬದಲಿಸುವುದು ಶುದ್ಧ ವ್ಯರ್ಥ. ತಪ್ಪಿರುವುದು ಕೈಬಿಡುವ ಕ್ಷಣ ಅಥವಾ ಪಾದದ ದಿಕ್ಕು.

ಬಲಗಡೆಯ ಮರಕ್ಕೆ ಬಡಿದರೆ ಡಿಸ್ಕ್ ತಡವಾಗಿ ಕೈಬಿಟ್ಟಿದೆ. ಎಡಗಡೆಯ ಮರವಾದರೆ ಬೇಗ ಜಾರಿದೆ. ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಕೈ ಹಿಂದಿನಿಂದ ಎದೆಯ ಮುಂದೆ ಹಾದು ಬಲಕ್ಕೆ ಬೀಸುತ್ತದೆ, ಹಾಗಾಗಿ ಈ ಲೆಕ್ಕ ತಪ್ಪುವುದು ಅಪರೂಪ. ತಡವಾಗುವುದಕ್ಕೆ ಸಾಮಾನ್ಯ ಕಾರಣ ಹಿಡಿತದ ಬಿಗಿ. ಎದುರಿಗೆ ಸಣ್ಣ ಗ್ಯಾಪ್ ಕಂಡ ಕೂಡಲೇ ಬೆರಳುಗಳು ತಾವಾಗಿಯೇ ಅದುಮಿಕೊಳ್ಳುತ್ತವೆ. ಇನ್ನೊಂದು ಕಾರಣ, ಹಿಂದಕ್ಕೆ ಚಾಚಿದ ಕೈ ನೇರ ಗೆರೆಯಲ್ಲಿ ಬರದೆ ಮೈಯನ್ನು ಸುತ್ತಿಕೊಂಡು ಬರುವುದು. ಹಾಗೆ ಸುತ್ತಿ ಬಂದ ಡಿಸ್ಕ್ ಯಾವಾಗ ಕೈಬಿಡುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಎಸೆದವರಿಗೂ ಗೊತ್ತಿರುವುದಿಲ್ಲ. ಬೇಗ ಜಾರುವುದಕ್ಕೆ ಬೆವರು, ಇಬ್ಬನಿ, ಡಿಸ್ಕ್‌ಗೆ ಅಂಟಿದ ಕೆಸರು ಕಾರಣವಾಗಿರಬಹುದು. ಒಣ ಬಟ್ಟೆಯಲ್ಲಿ ಡಿಸ್ಕ್‌ನ ಅಂಚಿನ ಒಳಮೈಯನ್ನೂ ಒರೆಸಿ. ಬೆರಳು ತಾಗುವುದು ಅಲ್ಲಿ, ಎಲ್ಲರೂ ಒರೆಸುವುದು ಮಾತ್ರ ಮೇಲ್ಮೈ.

ಪರೀಕ್ಷೆ ಸರಳ. ಅದೇ ಟೀಯಲ್ಲಿ, ಅದೇ ಡಿಸ್ಕ್ ಹಿಡಿದು, ಓಟವಿಲ್ಲದೆ ನಿಂತಲ್ಲಿಂದಲೇ ಎಸೆಯಿರಿ. ಗ್ಯಾಪ್ ಒಳಗೆ ಹೋಯಿತೆಂದರೆ ಕೈ ಸರಿಯಿದೆ, ಓಟದ ಹೆಜ್ಜೆಗಳು ನಿಮ್ಮನ್ನು ಬೇರೆ ದಿಕ್ಕಿಗೆ ತಿರುಗಿಸುತ್ತಿವೆ. ಟೀ ಪ್ಯಾಡ್ ಗ್ಯಾಪ್‌ನತ್ತಲೇ ಮುಖ ಮಾಡಿರಬೇಕೆಂದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಪ್ಯಾಡ್‌ನ ಅಂಚಿಗೆ ಸಮಾನಾಂತರವಾಗಿ ಓಡಿ, ಗ್ಯಾಪ್ ಇರುವ ಕಡೆಗೆ ಕೈಯಿಂದ ಎಳೆಯುತ್ತಾರೆ. ನಿಂತು ಎಸೆದಾಗಲೂ ಅದೇ ಪಕ್ಕ ತಪ್ಪಿದರೆ ಓಟದ ತಂಟೆ ಬಿಟ್ಟು ಹಿಡಿತ, ಕೈಯ ಹಾದಿ ನೋಡಿ.

ಕಾಡಿನಲ್ಲಿ ಓಟವನ್ನೇ ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ನನಗೆ ಅದು ಅತಿ ಅನಿಸುತ್ತದೆ. ಎಂಬತ್ತು ಮೀಟರಿನೊಳಗಿನ ಹೋಲ್‌ಗಳಲ್ಲಿ ಮಾತ್ರ ಅವರ ಮಾತು ಕೇಳುವುದು ಲಾಭ.

ಲಕ್ಷಣ: ಗ್ಯಾಪ್ ದಾಟಿತು, ನಡುದಾರಿಯಲ್ಲಿ ಬಲಕ್ಕೆ ವಾಲಿ ಒಳನುಗ್ಗಿತು

ಇದಕ್ಕೆ ಕಾರಣ ತಿಳಿಯಬೇಕಾದರೆ ಡಿಸ್ಕ್ ಯಾಕೆ ತಿರುಗುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ವೇಗವಾಗಿ, ಮೂಗು (ಮುಂಗಡೆಯ ಅಂಚು) ತಗ್ಗಿಸಿ ಹೋಗುವಾಗ ಗಾಳಿ ಡಿಸ್ಕನ್ನು ಮೇಲೆತ್ತುವ ಒತ್ತಡದ ಬಿಂದು ಡಿಸ್ಕ್‌ನ ನಡುವಿಗಿಂತ ಹಿಂದಿರುತ್ತದೆ, ಮೂಗನ್ನು ಕೆಳಕ್ಕೆ ತಳ್ಳಲು ನೋಡುತ್ತದೆ. ತಿರುಗುತ್ತಿರುವ ಬುಗುರಿಯನ್ನು ಒಂದು ಕಡೆ ತಳ್ಳಿದರೆ ಅದು ಅಡ್ಡಕ್ಕೆ ವಾಲುವ ಹಾಗೆ, ತಿರುಗುತ್ತಿರುವ ಡಿಸ್ಕ್‌ನ ಮೂಗು ತಗ್ಗದೆ ಮೈ ಬಲಕ್ಕೆ ವಾಲುತ್ತದೆ. ವೇಗ ಇಳಿದು ಮೂಗು ಏರಿದಂತೆ ಆ ಬಿಂದು ನಡುವಿಗಿಂತ ಮುಂದಕ್ಕೆ ಸರಿಯುತ್ತದೆ, ಆಗ ವಾಲುವುದು ಎಡಕ್ಕೆ. ಡಿಸ್ಕ್ ಮೇಲೆ ಬರೆದಿರುವ ನಾಲ್ಕು ಅಂಕಿಗಳು ಸ್ಪೀಡ್, ಗ್ಲೈಡ್, ಟರ್ನ್ ಮತ್ತು ಫೇಡ್. ಇವುಗಳಲ್ಲಿ ಟರ್ನ್ ಎಂದರೆ ಮೊದಲಿನ ಬಲವಾಲು, ಫೇಡ್ ಎಂದರೆ ಕೊನೆಯ ಎಡವಾಲು. ಆ ಅಂಕಿಗಳು ಹೊಸ ಡಿಸ್ಕನ್ನು ಅದಕ್ಕೆ ತಕ್ಕ ವೇಗದಲ್ಲಿ ಎಸೆದಾಗ ಮಾತ್ರ ನಿಜ. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರದ್ದಕ್ಕೆ ಹೋಲಿಸುವುದೂ ಅಷ್ಟಕ್ಕಷ್ಟೇ.

ಈಗ ತಪಾಸಣೆ. ಕೈಬಿಟ್ಟ ಕೂಡಲೇ ಡಿಸ್ಕ್ ಪಟಪಟ ನಡುಗಿತೇ? ನಡುಗಿದರೆ ಮಣಿಕಟ್ಟು ಎಸೆಯುವಾಗ ಹೊರಳುತ್ತಿದೆ, ಅಥವಾ ಕೈ ಒಂದು ಸಮತಲದಲ್ಲಿ ಬೀಸಿ ಡಿಸ್ಕ್ ಇನ್ನೊಂದರಲ್ಲಿ ಹೊರಬರುತ್ತಿದೆ. ನಡುಕದ ಡಿಸ್ಕ್ ತನ್ನ ಗುಣಕ್ಕಿಂತ ಹೆಚ್ಚು ಬಲಕ್ಕೆ ವಾಲುತ್ತದೆ. ಇದನ್ನು ಗುರುತಿಸಲು ಪುಟರ್‌ಗಿಂತ, ಅಂದರೆ ಹತ್ತಿರದ ಎಸೆತಗಳ ನಿಧಾನ ಡಿಸ್ಕ್‌ಗಿಂತ, ಒಳ್ಳೆಯ ಉಪಕರಣವಿಲ್ಲ. ಪುಟರನ್ನು ಐವತ್ತು ಮೀಟರ್ ದೂರಕ್ಕೆ ಎಸೆದರೆ ಸಣ್ಣ ನಡುಕವೂ ಎದ್ದು ಕಾಣುತ್ತದೆ, ದೂರದ ಎಸೆತಗಳಿಗೆ ಬಳಸುವ ವೇಗದ ಡಿಸ್ಕ್, ಅಂದರೆ ಡ್ರೈವರ್, ಅದನ್ನು ಮುಚ್ಚಿಡುತ್ತದೆ.

ನಡುಕವಿಲ್ಲದೆ ನಯವಾಗಿ ಹೋಗಿ ನಿಧಾನಕ್ಕೆ ಬಲಕ್ಕೆ ಹೊರಳಿದರೆ, ಅದೇ ಡಿಸ್ಕನ್ನು ಎಡ ಅಂಚು ಸ್ವಲ್ಪ ತಗ್ಗಿಸಿ, ಅಂದರೆ ತೆಳು ಹೈಜರ್‌ನಲ್ಲಿ, ಮುಕ್ಕಾಲು ಬಲದಲ್ಲಿ ಎಸೆದು ನೋಡಿ. ನೇರಕ್ಕೆ ಬಂದು ನಿಂತರೆ ಡಿಸ್ಕ್ ಸರಿ, ನೀವು ಕೊಟ್ಟ ಬಲ ಅಥವಾ ಕೋನ ಹೆಚ್ಚಾಗಿತ್ತು. ಆಗಲೂ ಉರುಳಿದರೆ ಡಿಸ್ಕ್ ಸವೆದಿದೆ. ಕಾಡಿನಲ್ಲಿ ಆಡುವ ಡಿಸ್ಕ್‌ಗಳು ಬೇಗ ಸವೆಯುತ್ತವೆ, ಅದರಲ್ಲೂ ಅಗ್ಗದ ಮೆದು ಪ್ಲಾಸ್ಟಿಕ್ಕಿನವು. ಅಂಚಿನ ಮೇಲೆ ಬೆರಳಾಡಿಸಿದರೆ ಕಚ್ಚುಗಳು ತಾಕುತ್ತವೆ. ಸವೆದಷ್ಟೂ ಡಿಸ್ಕ್ ಬಲಕ್ಕೆ ವಾಲುವ ಚಾಳಿ ಬೆಳೆಸಿಕೊಳ್ಳುತ್ತದೆ. ಹಗುರ ಡಿಸ್ಕ್ ಕೂಡ ಹಾಗೆಯೇ: ಒಂದೇ ಅಚ್ಚಿನಲ್ಲಿ 150 ಗ್ರಾಂನದು 175 ಗ್ರಾಂನದಕ್ಕಿಂತ ಬೇಗ ವಾಲುತ್ತದೆ. ಸವೆದ ಡಿಸ್ಕನ್ನು ಎಸೆದುಬಿಡಬೇಡಿ, ನೇರ ಸುರಂಗದಂಥ ಹೋಲ್‌ಗಳಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಿರುಕು ಬಿಟ್ಟದ್ದನ್ನು ಮಾತ್ರ ಪಂದ್ಯದಲ್ಲಿ ಬಳಸುವಂತಿಲ್ಲ, ನಿಯಮ ಒಪ್ಪುವುದಿಲ್ಲ.

ಲಕ್ಷಣ: ಡಿಸ್ಕ್ ಮೇಲೇರಿ, ನಿಂತಂತಾಗಿ, ಎಡಕ್ಕೆ ಬಿತ್ತು

ಮೂಗು ಮೇಲೆ. ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ ಎಂದುಕೊಂಡು ಶುರು ಮಾಡಿ. ಬಯಲಿನಲ್ಲಿ ಇದು ಬರೀ ದೂರವನ್ನು ತಿನ್ನುತ್ತದೆ. ಕಾಡಿನಲ್ಲಿ ತಲೆಯ ಮೇಲೆ ಕೊಂಬೆಗಳ ಚಾವಣಿ ಇರುವುದರಿಂದ ಡಿಸ್ಕನ್ನೇ ತಿನ್ನುತ್ತದೆ.

ಎತ್ತರಕ್ಕೆ ಎಸೆಯುವುದೂ ಮೂಗು ಎತ್ತಿ ಎಸೆಯುವುದೂ ಬೇರೆ ಬೇರೆ. ತೋಳು ಮೇಲ್ಮುಖವಾಗಿ ಬೀಸಿ, ಡಿಸ್ಕ್‌ನ ಮೂಗು ಆ ಬೀಸಿನ ಗೆರೆಯಲ್ಲೇ ಇದ್ದರೆ ಡಿಸ್ಕ್ ಏರಿ ಮುಂದುವರಿಯುತ್ತದೆ. ಬೀಸು ಸಮತಟ್ಟಾಗಿದ್ದು ಮುಂಗಡೆಯ ಅಂಚು ಮಾತ್ರ ಎದ್ದಿದ್ದರೆ ಗಾಳಿಗೆ ಹೊಟ್ಟೆ ಕೊಟ್ಟು ನಿಲ್ಲುತ್ತದೆ. ಫೋನಿನಲ್ಲಿ ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆದರೆ ಎರಡರ ವ್ಯತ್ಯಾಸ ತಕ್ಷಣ ಕಾಣುತ್ತದೆ. ಸರಿಪಡಿಸಲು ಡಿಸ್ಕ್ ಅಂಗೈಯಲ್ಲಿ ಕೂರುವ ಜಾಗ ಬದಲಿಸಿ. ಹೆಬ್ಬೆರಳು ಮೇಲ್ಮೈಯಲ್ಲಿ ಅಂಚಿನ ಹತ್ತಿರ ಒತ್ತಲಿ, ಮಣಿಕಟ್ಟು ಮೇಲಕ್ಕೆ ಮಡಿಯದೆ ಸ್ವಲ್ಪ ಕೆಳಮುಖವಾಗಿರಲಿ. ಮುಂಗಾಲಿನ ಮೇಲೆ ಭಾರ ಬರದೆ ಹಿಂಗಾಲಲ್ಲೇ ವಾಲಿ ಎಸೆದರೂ ಮೂಗು ಏಳುತ್ತದೆ. ಟೀ ಇಳಿಜಾರಿನಲ್ಲಿದ್ದಾಗ ಬೀಳುವ ಭಯಕ್ಕೆ ಎಲ್ಲರೂ ಹಾಗೆ ಹಿಂದಕ್ಕೆ ವಾಲುತ್ತಾರೆ.

ಉಳಿದ ಒಂದು ಸಲ? ಡಿಸ್ಕ್ ನಿಮ್ಮ ಕೈಗೆ ಮೀರಿದ್ದು. ಸ್ಪೀಡ್ 12ರ ಡ್ರೈವರ್‌ಗೆ ಬೇಕಾದ ವೇಗ ಸಿಗದಿದ್ದರೆ ಅದು ಟರ್ನ್ ಅನ್ನುವುದನ್ನೇ ತೋರಿಸದೆ ನೇರವಾಗಿ ಫೇಡ್‌ಗೆ ಹೋಗುತ್ತದೆ. ಪರೀಕ್ಷೆಗೆ ಅದೇ ಟೀಯಿಂದ ಒಂದು ಡ್ರೈವರ್, ಒಂದು ಮಿಡ್‌ರೇಂಜ್ (ನಡುವಣ ವೇಗದ ಡಿಸ್ಕ್) ಎಸೆಯಿರಿ. ಎರಡೂ ಸುಮಾರು ಒಂದೇ ದೂರ ಹೋದರೆ ಆ ಡ್ರೈವರ್ ಕಾಡಿಗೆ ಬರುವ ಅಗತ್ಯವಿಲ್ಲ. ಅಗಲ ಅಂಚಿನ ವೇಗದ ಡಿಸ್ಕ್‌ಗಳನ್ನು ಕಾಡಿನ ಬ್ಯಾಗಿನಲ್ಲಿ ಹೊರುವವರನ್ನು ನೋಡಿದರೆ ನನಗೆ ಅವರ ಭುಜದ ಬಗ್ಗೆಯೇ ಹೆಚ್ಚು ಮರುಕ.

ಲಕ್ಷಣ: ಎಸೆತ ಚೆನ್ನಾಗಿದೆ, ಆದರೂ ಮರ

ಗುರುತುಗಳು ಎಡ, ಬಲ, ಹತ್ತಿರ, ದೂರ ಎಂದು ಚದುರಿದ್ದವರಿಗೆ ಈ ಭಾಗ. ಇಲ್ಲಿ ತಪ್ಪಿರುವುದು ಕಣ್ಣಿನ ಅಂದಾಜು.

ಒಂದು ಡಿಗ್ರಿ ತಪ್ಪು ಹತ್ತು ಮೀಟರಿನಲ್ಲಿ ಸುಮಾರು 17 ಸೆಂಟಿಮೀಟರ್, ನೂರು ಮೀಟರಿನಲ್ಲಿ 1.75 ಮೀಟರ್. ಇದನ್ನು ಹಿಡಿದು ಗ್ಯಾಪ್‌ಗಳನ್ನು ಅಳೆದು ನೋಡಿ. ಟೀಯಿಂದ ಹತ್ತು ಮೀಟರಿನಲ್ಲಿ ಎರಡು ಮೀಟರ್ ಅಗಲದ ಗ್ಯಾಪ್ ಇದೆ ಎಂದುಕೊಳ್ಳಿ. ಅದರ ನಡುವಿಗೆ ಗುರಿಯಿಟ್ಟರೆ ಎರಡೂ ಕಡೆ ಐದೂವರೆ ಡಿಗ್ರಿಗಿಂತ ಹೆಚ್ಚು ಸಲಿಗೆ ಇದೆ. ನಲವತ್ತು ಮೀಟರಿನಲ್ಲಿ ನಾಲ್ಕು ಮೀಟರ್ ಅಗಲದ ಗ್ಯಾಪ್ ಇದ್ದರೆ ಸಲಿಗೆ ಮೂರು ಡಿಗ್ರಿಯೂ ಇಲ್ಲ. ಡಿಸ್ಕ್‌ನ ಅಗಲವೇ 21 ಸೆಂಟಿಮೀಟರ್ ಇರುವುದರಿಂದ ಎರಡರಲ್ಲೂ ಇನ್ನಷ್ಟು ಕಳೆಯಿರಿ. ಆದರೆ ಟೀಯಲ್ಲಿ ನಿಂತವರನ್ನು ಹೆದರಿಸುವುದು ಮೂಗಿನ ಮುಂದಿರುವ ಮೊದಲನೆಯದು. ಅದರ ಮೇಲೆಯೇ ಕಣ್ಣು ನೆಟ್ಟು, ಬಿಗಿ ಹಿಡಿದು, ನಿಧಾನಕ್ಕೆ ತೂರಿಸಿ, ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ.

ಹಾಗಾಗಿ ಟೀಯಲ್ಲಿ ನಿಂತು ಕೇಳಿಕೊಳ್ಳಬೇಕಾದದ್ದು, ಈ ಹೋಲ್‌ನಲ್ಲಿ ಡಿಗ್ರಿ ಲೆಕ್ಕದಲ್ಲಿ ಅತಿ ಕಿರಿದಾದ ಜಾಗ ಯಾವುದು ಎಂದು. ಆ ಜಾಗದ ಮುಂಚೆಯೇ ಡಿಸ್ಕ್ ಇಳಿಸಿ, ಅಲ್ಲಿಂದ ಹೊಸದಾಗಿ ಗುರಿಯಿಟ್ಟರೆ ಅದೇ ನಾಲ್ಕು ಮೀಟರ್ ದೊಡ್ಡ ಬಾಗಿಲಾಗುತ್ತದೆ. ಪಾರ್ 4ರ, ಅಂದರೆ ನಾಲ್ಕು ಎಸೆತ ನಿಗದಿಯಾದ, ಕಾಡಿನ ಹೋಲ್‌ಗಳು ಬಹಳಷ್ಟು ಸಲ ಹೀಗೆ ಎರಡು ನಿಲುಗಡೆಗಳಾಗಿಯೇ ವಿನ್ಯಾಸಗೊಂಡಿರುತ್ತವೆ, ಅರ್ಧ ದಾರಿಗೇ ಎಸೆಯುವುದರಲ್ಲಿ ನಾಚಿಕೆಯೇನಿಲ್ಲ.

ಇನ್ನೊಂದು ತಪಾಸಣೆಯನ್ನು ಕಾಲಿನಿಂದ ಮಾಡಬೇಕು. ಆಡುವ ಮೊದಲು ಹೋಲ್‌ನ ಉದ್ದಕ್ಕೂ ನಡೆದುಹೋಗಿ, ಬ್ಯಾಸ್ಕೆಟ್ ಪಕ್ಕದಿಂದ ಟೀ ಕಡೆಗೆ ತಿರುಗಿ ನೋಡಿ. ಟೀಯಿಂದ ಕಾಣದ ಹಾದಿಗಳು ಆ ಕಡೆಯಿಂದ ಕಾಣುತ್ತವೆ: ಟೀಯಿಂದ ನೋಡಿದರೆ ಬಲದಿಂದ ಬಳಸಿ ಬರುವ ಹೈಜರ್ ದಾರಿ, ಮೊದಲ ಮರಗಳ ತಲೆಯ ಮೇಲಿನ ಖಾಲಿ ಕಿಂಡಿ, ಫೋರ್‌ಹ್ಯಾಂಡ್‌ಗೆ ಮಾತ್ರ ಒಗ್ಗುವ ತಿರುವು. ಎಡಕ್ಕೆ ತಿರುಗುವ ಹೋಲ್‌ಗೆ ಬ್ಯಾಕ್‌ಹ್ಯಾಂಡ್ ಹೈಜರ್, ಬಲಕ್ಕೆ ತಿರುಗುವುದಕ್ಕೆ ಫೋರ್‌ಹ್ಯಾಂಡ್ ಎಂದು ಶುರು ಮಾಡಿದರೆ ಅರ್ಧ ತಲೆಬಿಸಿ ಕಡಿಮೆ. ಬ್ಯಾಕ್‌ಹ್ಯಾಂಡ್‌ನಲ್ಲೇ ಆನ್‌ಹೈಜರ್ ಮಾಡಿ, ಅಂದರೆ ಬಲ ಅಂಚು ತಗ್ಗಿಸಿ, ಬಲಕ್ಕೆ ಬಾಗಿಸುವುದು ಅಂದವಾಗಿ ಕಾಣುತ್ತದೆ, ನಿಜ. ಆದರೆ ಅದು ಬಾಗುವುದು ಯಾವಾಗ ನಿಲ್ಲುತ್ತದೆ ಎಂಬುದರ ಮೇಲೆ ಹಿಡಿತ ಕಡಿಮೆ.

ಗುರಿಯಿಡುವಾಗ ಮರವನ್ನು ನೋಡಬೇಡಿ, ಮರಗಳ ನಡುವಿನ ಖಾಲಿ ಜಾಗದ ಹಿಂದೆ ದೂರದಲ್ಲಿರುವ ಒಂದು ಎಲೆಗೊಂಚಲನ್ನೋ ಬೆಳಕಿನ ಚುಕ್ಕಿಯನ್ನೋ ಆರಿಸಿಕೊಳ್ಳಿ.

ಲಕ್ಷಣ: ಒಂದು ಮರಕ್ಕೆ ಬಡಿದು ಹೋಲ್ ಏಳು ಎಸೆತಕ್ಕೆ ಮುಗಿಯುತ್ತದೆ

ಸ್ಕೋರ್‌ಕಾರ್ಡಿನಲ್ಲಿ ನಾಲ್ಕು, ಐದುಗಳ ನಡುವೆ ಅಲ್ಲಲ್ಲಿ ಏಳು, ಎಂಟು ಇದ್ದರೆ ಟೀ ಎಸೆತವನ್ನು ದೂರಬೇಡಿ. ಟೀಯಲ್ಲಿ ಕಳೆದುಕೊಂಡದ್ದು ಒಂದೇ ಎಸೆತ. ಉಳಿದದ್ದು ಮರದ ಹಿಂದಿನಿಂದ ಹೊರಬರುವಾಗ ಹೋಯಿತು. ಕಾಡಿನ ಕೋರ್ಸ್‌ನಲ್ಲಿ ಅತಿ ದುಬಾರಿ ದೋಷ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ, ಇದರ ರಿಪೇರಿಗೆ ಅಭ್ಯಾಸವೇ ಬೇಕಿಲ್ಲ ಎಂಬುದೂ ಅಷ್ಟೇ ಖಚಿತ.

ಲೆಕ್ಕ ಹೀಗೆ. ನೀವು ಮರಗಳ ಹಿಂದಿದ್ದೀರಿ. ಎದುರಿಗೊಂದು ಸಣ್ಣ ಕಿಂಡಿ. ಅದರಲ್ಲಿ ತೂರಿದರೆ ಡಿಸ್ಕ್ ಬ್ಯಾಸ್ಕೆಟ್ ಹತ್ತಿರ, ಇನ್ನೊಂದು ಪುಟ್ (ಬ್ಯಾಸ್ಕೆಟ್‌ಗೆ ಹಾಕುವ ಎಸೆತ), ಒಟ್ಟು ಎರಡು. ಪಕ್ಕಕ್ಕೆ ಫೇರ್‌ವೇಗೆ, ಅಂದರೆ ತೆರೆದ ಹಾದಿಗೆ, ತಳ್ಳಿದರೆ ಒಂದು, ಅಲ್ಲಿಂದ ಬ್ಯಾಸ್ಕೆಟ್ ಹತ್ತಿರಕ್ಕೆ ಒಂದು, ಪುಟ್ ಒಂದು, ಒಟ್ಟು ಮೂರು. ಕಿಂಡಿ ತಪ್ಪಿದರೆ ಡಿಸ್ಕ್ ಮರಕ್ಕೆ ಬಡಿದು ಹೆಚ್ಚುಕಡಿಮೆ ಇದ್ದಲ್ಲೇ ಬೀಳುತ್ತದೆ, ಒಂದು ಎಸೆತ ದಂಡ. ಎರಡು ಸಲಕ್ಕೆ ಒಂದು ಸಲ ತೂರಿಸಬಲ್ಲಿರಾದರೆ ಎರಡು ದಾರಿಗೂ ಸರಾಸರಿ ಮೂರೇ ಬರುತ್ತದೆ. ನಾಲ್ಕಕ್ಕೆ ಒಂದು ಸಲವಾದರೆ ಕಿಂಡಿಯ ಸರಾಸರಿ ಐದಕ್ಕೆ ಏರುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ನಂಬಿಕೆ ಇದ್ದಾಗ ಮಾತ್ರ ಕಿಂಡಿ. ನಿಂತ ಜಾಗ ಅನಾನುಕೂಲವಾಗಿದ್ದು, ಒಂದು ಕಾಲು ಬೇರಿನ ಮೇಲೆ, ತಲೆ ಕೊಂಬೆಯ ಕೆಳಗೆ ಇರುವಾಗ ಆ ಅರ್ಧವನ್ನು ಯಾರೂ ಪ್ರಾಮಾಣಿಕವಾಗಿ ಅಂದಾಜು ಮಾಡುವುದಿಲ್ಲ. ಅಮೆರಿಕದ ಆಟಗಾರ ಐಸಾಕ್ ರಾಬಿನ್ಸನ್ 2023ರಲ್ಲಿ ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್‌ನಲ್ಲಿ, 2024ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್ ಆದರು, ಎರಡೂ ಕಡೆ ಮರಗಳ ಕಾಟ ಸಾಕಷ್ಟು. ಆ ಮಟ್ಟದ ಪಂದ್ಯಗಳ ವಿಡಿಯೊ ನೋಡುವಾಗ ದೂರದ ಎಸೆತಗಳನ್ನು ಬಿಟ್ಟು, ಮರದ ಹಿಂದೆ ಸಿಕ್ಕಿಕೊಂಡವರು ಏನು ಮಾಡುತ್ತಾರೆ ಎಂಬುದನ್ನಷ್ಟೇ ನೋಡಿ. ಪಕ್ಕಕ್ಕೆ ತಳ್ಳುವುದು ಅವರಿಗೂ ದಿನನಿತ್ಯದ ಮಾತು.

ಹೊರಬರಲು ಪುಟರ್ ಸಾಕು. ಮಂಡಿಯೂರಿ ಬ್ಯಾಕ್‌ಹ್ಯಾಂಡ್, ನಿಂತಲ್ಲೇ ಫೋರ್‌ಹ್ಯಾಂಡ್, ನೆಲ ಚೊಕ್ಕವಾಗಿದ್ದರೆ ಉರುಳಿಸುವ ರೋಲರ್, ಇಷ್ಟು ಗೊತ್ತಿದ್ದರೆ ಮುಕ್ಕಾಲು ಪಾಲು ಸಂಕಟಗಳಿಗೆ ದಾರಿಯುಂಟು.

ನಿಯಮಗಳನ್ನು ತಿಳಿದಿರುವುದೂ ರಿಪೇರಿಯ ಭಾಗವೇ. ನಿಲ್ಲುವ ಜಾಗವೆಂದರೆ ಗುರುತಿನ ಡಿಸ್ಕ್‌ನ (ಹಿಂದಿನ ಎಸೆತ ಬಿದ್ದ ಜಾಗ ತೋರಿಸುವ ಡಿಸ್ಕ್) ಹಿಂದೆ, ಬ್ಯಾಸ್ಕೆಟ್‌ನಿಂದ ಎಳೆದ ಗೆರೆಯ ಮೇಲೆ, 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಆಯತ. ಒಂದು ಕಾಲೋ ಮಂಡಿಯೋ ಅದರೊಳಗಿದ್ದರೆ ಸಾಕು, ಇನ್ನೊಂದು ಕಾಲನ್ನು ಬ್ಯಾಸ್ಕೆಟ್‌ಗೆ ಹತ್ತಿರವಾಗದಂತೆ ಪಕ್ಕಕ್ಕೆ ಎಷ್ಟು ಬೇಕಾದರೂ ಚಾಚಬಹುದು. ಇದನ್ನು ಮರೆತು ಮರಕ್ಕೆ ಎದೆಯೊತ್ತಿ ನಿಲ್ಲುವವರೇ ಹೆಚ್ಚು. ಕಾಲಿಡುವ ಜಾಗದ ಉದುರೆಲೆ, ಮುರಿದು ಬಿದ್ದ ಕಡ್ಡಿ ಸರಿಸಬಹುದು. ಎದುರಿಗಿರುವುದನ್ನು ಮುಟ್ಟುವಂತಿಲ್ಲ, ಬೆಳೆದು ನಿಂತ ಕೊಂಬೆಯನ್ನು ಕೈಯಿಂದ ಹಿಡಿದು ಬಗ್ಗಿಸುವಂತಿಲ್ಲ. ಎಸೆಯುವ ಬೀಸಿನಲ್ಲಿ ತಾನಾಗಿ ತಾಗಿದರೆ ತೊಂದರೆಯಿಲ್ಲ. ಪೊದೆಯೊಳಗಿಂದ ಏನೂ ಸಾಧ್ಯವಿಲ್ಲವೆಂದರೆ ಒಂದು ದಂಡದ ಎಸೆತ ತೆತ್ತು ಅದೇ ಗೆರೆಯ ಮೇಲೆ ಹಿಂದಕ್ಕೆ ಬರಬಹುದು, ಅಥವಾ ಹಿಂದಿನ ಜಾಗದಿಂದಲೇ ಮತ್ತೆ ಎಸೆಯಬಹುದು. ಕಳೆದ ಡಿಸ್ಕ್ ಹುಡುಕಲು ಮೂರು ನಿಮಿಷ. ಹಸಿರು, ಕಂದು ಬಣ್ಣದ ಡಿಸ್ಕ್ ತಂದು ಆ ಮೂರು ನಿಮಿಷವನ್ನು ಹಾಳು ಮಾಡಬೇಡಿ.

ಸುತ್ತಿನ ಕೊನೆಯ ಭಾಗದಲ್ಲಿ ಮಾತ್ರ ಬರುವ ದೋಷ

ಮೊದಲರ್ಧ ಚೆನ್ನಾಗಿದ್ದು ಆಮೇಲೆ ಎಸೆತಗಳು ಎಡಕ್ಕೆ ಕುಸಿಯತೊಡಗಿದರೆ ಅದು ಆಯಾಸ. ದಣಿದಾಗ ಮೊದಲು ಸೋಲುವುದು ಕಾಲು, ಆಮೇಲೆ ಮೂಗು ಏಳುತ್ತದೆ. ನೀರು ಕುಡಿಯಿರಿ, ಓಟ ಕಡಿಮೆ ಮಾಡಿ, ಒಂದು ಸ್ಪೀಡ್ ಕೆಳಗಿನ ಡಿಸ್ಕ್ ತೆಗೆಯಿರಿ. ಬೂಟಿನ ಅಡಿಯ ಹಲ್ಲುಗಳಲ್ಲಿ ಕೆಸರು ತುಂಬಿದೆಯೇ ಎಂದೂ ನೋಡಿ, ಒದ್ದೆ ಬೇರಿನ ಮೇಲೆ ಜಾರುವ ಕಾಲು ಮನಸ್ಸಿಗೆ ಗೊತ್ತಿಲ್ಲದೆಯೇ ಎಸೆತವನ್ನು ಹಿಡಿದುಬಿಡುತ್ತದೆ.

ಇಷ್ಟಾದ ಮೇಲೂ ಗೊತ್ತಾಗದಿದ್ದರೆ

ಬಯಲಿಗೆ ಹೋಗಿ ಹತ್ತು ಮೀಟರ್ ದೂರದಲ್ಲಿ ಎರಡು ಕೋಲು ನೆಡಿ, ನಡುವೆ ಎರಡು ಮೀಟರ್ ಅಂತರವಿರಲಿ. ಒಂದೇ ಪುಟರ್ ಮಾದರಿಯ ನಾಲ್ಕೈದು ಡಿಸ್ಕ್ ತೆಗೆದುಕೊಂಡು ಅರವತ್ತು ಮೀಟರ್ ದೂರದ ಗುರಿಗೆ ಎಸೆಯುತ್ತಾ ಹೋಗಿ, ಮೊದಲು ನಿಂತು, ಆಮೇಲೆ ಓಡಿ. ನಿಂತಾಗಲೂ ಕೋಲುಗಳ ನಡುವೆ ಹೋಗದಿದ್ದರೆ ಹಿಡಿತಕ್ಕೆ ಮರಳಿ. ನಿಂತಾಗ ಹೋಗಿ ಓಡಿದಾಗ ತಪ್ಪಿದರೆ ಹೆಜ್ಜೆಯ ದಿಕ್ಕಿಗೆ. ಕೋಲು ದಾಟಿದ ಮೇಲೆ ಹಾದಿ ತಪ್ಪಿದರೆ ಕೋನ, ಮೂಗು, ನಡುಕ ಈ ಮೂರರಲ್ಲೊಂದು. ಎಲ್ಲವೂ ಇಲ್ಲಿ ಸರಿಹೋಗಿ ಕಾಡಿಗೆ ಬಂದಾಗ ಮಾತ್ರ ಕೆಟ್ಟರೆ, ಕೈ ರಿಪೇರಿ ಮಾಡುವುದು ನಿಲ್ಲಿಸಿ, ಟೀಯಲ್ಲಿ ಯಾವ ಹಾದಿ ಆರಿಸುತ್ತಿದ್ದೀರಿ ಎಂಬುದನ್ನು ಜೊತೆಯಾಟಗಾರರಿಗೆ ಎಸೆಯುವ ಮೊದಲೇ ಬಾಯಿಬಿಟ್ಟು ಹೇಳಿ: ಈ ಎರಡು ಮರಗಳ ನಡುವೆ, ಇಷ್ಟು ಎತ್ತರ, ಇಲ್ಲಿ ಇಳಿಯಬೇಕು ಎಂದು. ಹೇಳಲು ತಡವರಿಸಿದ ಹೋಲ್‌ಗಳನ್ನು ಗುರುತು ಹಾಕಿಕೊಂಡು, ಮುಂದಿನ ಸುತ್ತಿಗೆ ಮೊದಲು ಅವುಗಳನ್ನು ಬ್ಯಾಸ್ಕೆಟ್ ಕಡೆಯಿಂದ ನಡೆದು ನೋಡಿ. ಡಿಸ್ಕ್ ಬದಲಿಸುವ ಪ್ರಶ್ನೆ ಅದಾದ ಮೇಲೆ.